ಮೇಘಗಳ ಬೆನ್ನಟ್ಟಿದವರು

ವಿದ್ಯಾರ್ಥಿಗಳೇ, ಸಮುದ್ರದಿಂದ ಬರುವ ತೇವದ ಬಹುಭಾಗವು ಸಹ್ಯಾದ್ರಿಯಲ್ಲಿಯೇ ಮಳೆಯಾಗಿ ಸುರಿಯುವುದರಿಂದ ನಮ್ಮ ಮಂದ್ರೂಪದ ಮೇಲೆ ಮೋಡಗಳು ಎಷ್ಟೋ ಸಲ ಹನಿಯದೆ ಸಾಗಿಹೋಗುವವು.

2018 ಮತ್ತು 2019ರ ಮಳೆಗಾಲದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಸೊಲ್ಲಾಪುರದ ಪರಿಸರದಲ್ಲಿ ಇಂತಹ ಮೋಡಗಳನ್ನು ರಡಾರಿನಿಂದ ಗುರುತಿಸಿ, ವಿಮಾನದಲ್ಲಿ ಬೆನ್ನಟ್ಟಿದರು. ಮೋಡದ ತಳದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣದ ಸೂಕ್ಷ್ಮಕಣಗಳನ್ನು ಬಿತ್ತಿದರು. ಲವಣವು ತೇವವನ್ನು ಹೀರುವುದು. ಹನಿಗಳು ದೊಡ್ಡವಾಗಿ, ಭಾರದಿಂದ ಕೆಳಗಿಳಿಯುವವು.

ಪರೀಕ್ಷೆಗೆ ಆಯ್ದ ಮೋಡಗಳು 276. ಹೋಲಿಕೆಗಾಗಿ ಕೆಲವಕ್ಕೆ ಬೇಕೆಂದೇ ಬಿತ್ತಲಿಲ್ಲ. ಬಿತ್ತಿದಲ್ಲಿ ಮಳೆಯು ಸರಾಸರಿ ಶೇಕಡಾ 18ರಷ್ಟು ಹೆಚ್ಚಿತೆಂದು 2023ರಲ್ಲಿ ಪ್ರಕಟವಾಯಿತು.

ಆದರೆ ನೆನಪಿರಲಿ: ಮೋಡವೇ ಇಲ್ಲದ ಆಕಾಶದಲ್ಲಿ ಈ ಬಿತ್ತನೆಯು ವ್ಯರ್ಥ. ಬಿದ್ದ ಹನಿಯನ್ನು ಹೊಲದ ಒಡ್ಡಿನಲ್ಲಿ ತಡೆದು ನಿಲ್ಲಿಸುವ ಕೆಲಸವು ಎಂದಿಗೂ ನಮ್ಮದೇ.