ಮಗುವಿನ ಓದು: ಶಾಲೆಯ ಪಾಲು, ಮನೆಯ ಪಾಲು

ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಓಂಕಾರ ಬರೆಯಿಸಿ, ಅದನ್ನು ಶಾಲೆಗೆ ಒಪ್ಪಿಸಿದರೆ ನಮ್ಮ ಕರ್ತವ್ಯ ತೀರಿತೆಂದು ನಾವು ಎಣಿಸುವುದುಂಟು. ಮುಂದೆ ಮಗುವಿಗೆ ಓದು ಬಾರದಿದ್ದರೆ ನಾವು ಉಪಾಧ್ಯಾಯರನ್ನು ದೂರುತ್ತೇವೆ. ಉಪಾಧ್ಯಾಯರು ನಮ್ಮನ್ನು ದೂರುತ್ತಾರೆ. ಈ ವಾದದಲ್ಲಿ ಕಳೆದುಹೋಗುವುದು ಮಗುವಿನ ಕಾಲ. ಅದು ಮತ್ತೆ ಬರತಕ್ಕದ್ದಲ್ಲ.

2020ನೆಯ ಇಸವಿಯ ರಾಷ್ಟ್ರೀಯ ಶಿಕ್ಷಣ ನೀತಿಯು ಈ ವಿಷಯಕ್ಕೆ ಅಗ್ರಸ್ಥಾನವನ್ನು ಕೊಟ್ಟಿತು. ಓದು, ಬರಹ, ಲೆಕ್ಕಗಳ ತಳಹದಿ ಬೀಳದಿದ್ದರೆ ನೀತಿಯ ಉಳಿದ ಭಾಗದಿಂದ ಮಕ್ಕಳಿಗೆ ಪ್ರಯೋಜನವಿಲ್ಲವೆಂಬುದು ಅದರ ಅಭಿಪ್ರಾಯ. ಅದನ್ನನುಸರಿಸಿ 2021ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ‘ನಿಪುಣ ಭಾರತ’ ಯೋಜನೆಯನ್ನು ಆರಂಭಿಸಿತು. 2026–27ರೊಳಗೆ, ಮೂರನೆಯ ತರಗತಿಯನ್ನು ಮುಗಿಸುವ ಪ್ರತಿಯೊಂದು ಮಗುವೂ ಅರ್ಥವನ್ನರಿತು ಓದುವಂತಾಗಬೇಕೆಂದು ಗುರಿಯಿಡಲಾಯಿತು. ಮೂರನೆಯ ತರಗತಿಯೇ ಏಕೆ? ಅಲ್ಲಿಯವರೆಗೆ ಮಗು ಓದಲು ಕಲಿಯುತ್ತದೆ. ಅಲ್ಲಿಂದ ಮುಂದೆ ಓದಿಯೇ ಕಲಿಯಬೇಕಾಗುತ್ತದೆ.

ಈಗಿನ ಸ್ಥಿತಿ ಹೇಗಿದೆ? ‘ಅಸರ್’ ಎಂಬ ಸಮೀಕ್ಷೆಯವರು ದೇಶದ ಹಳ್ಳಿಗಳಲ್ಲಿ ಮನೆಗಳಿಗೇ ಹೋಗಿ ಮಕ್ಕಳಿಂದ ಓದಿಸಿ ನೋಡುತ್ತಾರೆ. ಸರ್ಕಾರಿ ಶಾಲೆಯ ಮೂರನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2022ರಲ್ಲಿ ಶೇಕಡ 16.3 ಇದ್ದರು; 2024ರಲ್ಲಿ ಶೇಕಡ 23.4 ಆದರು. ಏಳಿಗೆಯೇನೋ ಹೌದು; ಆದರೂ ನಾಲ್ವರಲ್ಲಿ ಮೂವರು ಹಿಂದುಳಿದೇ ಇದ್ದಾರೆ.

ನಮ್ಮ ಲಿಪಿಯ ಸ್ವರೂಪವನ್ನೂ ಇಲ್ಲಿ ಗಮನಿಸಬೇಕು. ವರ್ಣಮಾಲೆಯ ಅಕ್ಷರಗಳನ್ನು ಕಲಿತ ಮಾತ್ರಕ್ಕೆ ಕನ್ನಡದ ಓದು ಬಾರದು. ಕಾಗುಣಿತ, ಒತ್ತಕ್ಷರಗಳು ಮುಂದೆ ಕಾದಿರುತ್ತವೆ. ಕನ್ನಡದ ಮಕ್ಕಳಿಗೆ ಅಕ್ಷರಜ್ಞಾನ ಪೂರ್ಣವಾಗಲು ಹಲವು ವರ್ಷಗಳೇ ಹಿಡಿಯುವುವೆಂದು 2007ರಲ್ಲಿ ಸೋನಾಲಿ ನಾಗ್ ಅವರು ಪ್ರಕಟಿಸಿದ ಸಂಶೋಧನೆ ತೋರಿಸಿತು. ನಿಪುಣ ಭಾರತದ ಅಳತೆಯಾದರೋ ಮೂರನೆಯ ತರಗತಿಗೆ ನಿಮಿಷಕ್ಕೆ 60 ಪದ. ‘ಮನೆಯಲ್ಲಿರುವವರಿಗೂ’ ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದೇ ಅರ್ಥಕ್ಕೆ ನಾಲ್ಕೈದು ಪದಗಳು ಬೇಕು. ಆದುದರಿಂದ ಗಡಿಯಾರವನ್ನು ನೋಡಿ ಮಗುವನ್ನು ಅವಸರಪಡಿಸುವುದು ಉಚಿತವಲ್ಲ. ಮಗು ತನ್ನ ವೇಗದಲ್ಲಿ ಮೆಟ್ಟಲು ಮೆಟ್ಟಲಾಗಿ ಏರಲೆಂಬ ವಿವೇಕದಿಂದಲೇ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ‘ನಲಿ–ಕಲಿ’ ಪದ್ಧತಿ ಹುಟ್ಟಿತು.

ಶಾಲೆಯ ಪಾಲು ಇದಾದರೆ ಮನೆಯ ಪಾಲು ಯಾವುದು? ಮಾತು ಮತ್ತು ಕಥೆ. ಕೇಳಿ ಅರಿಯದ ಮಾತನ್ನು ಮಗು ಓದಿ ಅರಿಯುವುದು ಕಷ್ಟ. ಅಕ್ಷರ ಬಾರದ ಅಜ್ಜಿಯೂ ಕಥೆ ಹೇಳಿ, ಒಗಟು ಒಡ್ಡಿ, ಮಗುವಿನ ಶಬ್ದಭಂಡಾರವನ್ನು ತುಂಬಬಲ್ಲಳು. ಮನೆಮಾತು ತುಳುವೋ, ಕೊಂಕಣಿಯೋ, ಲಂಬಾಣಿಯೋ, ಉರ್ದುವೋ ಆಗಿದ್ದರೆ ಆ ಮಾತಿನಲ್ಲೇ ಕಥೆ ನಡೆಯಲಿ. ಅದರಿಂದ ಓದಿಗೆ ಬಲವೇ ಹೊರತು ಹಾನಿಯಿಲ್ಲ.

ಈ ವಿಷಯದಲ್ಲಿ ವಿದ್ಯಾವಂತರಾದ ನಾವೇ ಹೆಚ್ಚು ತಪ್ಪಿತಸ್ಥರು. ಪುಸ್ತಕ ಕೊಳ್ಳಲು ನಮಗೆ ಹಣವುಂಟು, ಅದನ್ನು ಓದಿ ಹೇಳಲು ಪುರಸತ್ತಿಲ್ಲ. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಮಗುವಿನೊಡನೆ ಕುಳಿತು ಒಂದು ಪುಟವನ್ನು ಓದೋಣ, ‘ಮುಂದೇನಾದೀತು?’ ಎಂದು ಕೇಳೋಣ. ಮನೆಗೆಲಸಕ್ಕೆ ಬರುವಾಕೆಯ ಮಗುವಿದ್ದರೆ ಅದನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಸರ್ಕಾರವು ಗುರಿಯನ್ನು ಗೊತ್ತುಮಾಡಬಲ್ಲದು. ಈ ಕಾಲು ಗಂಟೆಯನ್ನು ನಾವೇ ಕೊಡಬೇಕು.