ರೇಡಿಯಾಲಜಿ ತಂತ್ರಜ್ಞ

ರೇಡಿಯಾಲಜಿ ತಂತ್ರಜ್ಞ ಎಂದರೆ ಆಸ್ಪತ್ರೆಗಳಲ್ಲಿ ಕ್ಷ-ಕಿರಣ, ಸಿ.ಟಿ. ಸ್ಕ್ಯಾನ್, ಎಂ.ಆರ್.ಐ., ಮ್ಯಾಮೊಗ್ರಫಿ ಮುಂತಾದ ಉಪಕರಣಗಳನ್ನು ನಿರ್ವಹಿಸಿ, ರೋಗಿಯ ದೇಹದ ಒಳಭಾಗದ ಚಿತ್ರಗಳನ್ನು ಪಡೆಯಲು ತರಬೇತಿ ಹೊಂದಿದ ಆರೋಗ್ಯ ವೃತ್ತಿಪರ. ಈ ವೃತ್ತಿಯವರನ್ನು ರೇಡಿಯೋಗ್ರಾಫರ್, ಇಮೇಜಿಂಗ್ ಟೆಕ್ನಾಲಜಿಸ್ಟ್ ಎಂದೂ, ರೂಢಿಯಲ್ಲಿ 'ಎಕ್ಸ್-ರೇ ಟೆಕ್ನೀಷಿಯನ್' ಎಂದೂ ಕರೆಯುತ್ತಾರೆ. ಚಿತ್ರಗಳನ್ನು ಪರಿಶೀಲಿಸಿ ವರದಿ ನೀಡುವವರು ರೇಡಿಯಾಲಜಿಸ್ಟ್. ಅವರು ವೈದ್ಯಕೀಯ ಪದವಿಯ ನಂತರ ಈ ವಿಷಯದಲ್ಲಿ ವಿಶೇಷ ವ್ಯಾಸಂಗ ಮಾಡಿದ ವೈದ್ಯರು. ಜನಸಾಮಾನ್ಯರು ಇವೆರಡನ್ನೂ ಒಂದೇ ಹುದ್ದೆಯೆಂದು ಭಾವಿಸುವುದುಂಟು. ಚಿತ್ರವನ್ನು ಸರಿಯಾಗಿ ತೆಗೆಯುವುದು ತಂತ್ರಜ್ಞರ ಹೊಣೆ, ಅದನ್ನು ಓದಿ ಅರ್ಥೈಸುವುದು ವೈದ್ಯರ ಹೊಣೆ. ಮೊದಲನೆಯದು ಕೆಟ್ಟರೆ ಎರಡನೆಯದೂ ಕೆಡುತ್ತದೆ.

ಇತಿಹಾಸ

೧೮೯೫ರ ನವೆಂಬರ್ ೮ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಭೌತವಿಜ್ಞಾನಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜೆನ್ ಹೊಸ ಬಗೆಯ ಕಿರಣವೊಂದನ್ನು ಕಂಡುಹಿಡಿದರು. ಅದರ ಸ್ವರೂಪ ತಿಳಿಯದಿದ್ದ ಕಾರಣ, ಬೀಜಗಣಿತದಲ್ಲಿ ಅಜ್ಞಾತ ಪರಿಮಾಣವನ್ನು ಸೂಚಿಸುವ ಅಕ್ಷರದಿಂದಲೇ ಅದನ್ನು ಹೆಸರಿಸಿದರು. ಕನ್ನಡದಲ್ಲಿ ಅದು 'ಕ್ಷ-ಕಿರಣ' ಎಂದಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತಮ್ಮ ಪತ್ನಿಯ ಕೈಯ ಚಿತ್ರ ತೆಗೆದರು. ಬೆರಳಿನ ಮೂಳೆಗಳೂ ಉಂಗುರವೂ ಅದರಲ್ಲಿ ಸ್ಪಷ್ಟವಾಗಿ ಕಂಡವು. ೧೯೦೧ರಲ್ಲಿ ಭೌತವಿಜ್ಞಾನದ ಪ್ರಥಮ ನೊಬೆಲ್ ಪ್ರಶಸ್ತಿ ರಾಂಟ್‌ಜೆನ್ ಅವರಿಗೆ ಸಂದಿತು. ಈ ಆವಿಷ್ಕಾರದ ನೆನಪಿಗಾಗಿ ನವೆಂಬರ್ ೮ನ್ನು ವಿಶ್ವ ರೇಡಿಯೋಗ್ರಫಿ ದಿನವಾಗಿ ಆಚರಿಸಲಾಗುತ್ತದೆ.

ಮೊದಲ ದಶಕಗಳಲ್ಲಿ ಈ ಕಿರಣಗಳ ಅಪಾಯ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಉಪಕರಣವನ್ನು ಪರೀಕ್ಷಿಸಲು ತಮ್ಮ ಕೈಯನ್ನೇ ಕಿರಣದ ಹಾದಿಯಲ್ಲಿ ಹಿಡಿಯುತ್ತಿದ್ದ ಅನೇಕರು ಚರ್ಮದ ಹುಣ್ಣು, ಕ್ಯಾನ್ಸರ್‌ಗಳಿಗೆ ತುತ್ತಾದರು. ಥಾಮಸ್ ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ೧೯೦೪ರಲ್ಲಿ ಹೀಗೆಯೇ ಮೃತಪಟ್ಟರು. ಇಂಥವರ ಸ್ಮರಣೆಗಾಗಿ ೧೯೩೬ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ಸ್ಮಾರಕ ನಿರ್ಮಿಸಲಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಮೇರಿ ಕ್ಯೂರಿ ವಾಹನಗಳಲ್ಲಿ ಕ್ಷ-ಕಿರಣ ಯಂತ್ರಗಳನ್ನು ಅಳವಡಿಸಿ ಯುದ್ಧಭೂಮಿಗೆ ಒಯ್ದುದಲ್ಲದೆ, ಅವುಗಳನ್ನು ನಡೆಸಲು ಮಹಿಳೆಯರಿಗೆ ತರಬೇತಿಯನ್ನೂ ನೀಡಿದರು.

೧೯೭೧ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರದಿಂದ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಚಿತ್ರ ತೆಗೆಯಲಾಯಿತು. ಅನಂತರ ಎಂ.ಆರ್.ಐ. ಬಂದಿತು, ಅದರ ಬೆಳವಣಿಗೆಗಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ೨೦೦೩ರ ನೊಬೆಲ್ ಪ್ರಶಸ್ತಿ ಪಡೆದರು. ಹೀಗೆ ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯಿಂದ ಆರಂಭವಾದ ವೃತ್ತಿಯು ಇಂದು ಗಣಕಯಂತ್ರದ ಪರದೆಯ ಮುಂದೆ ಬಂದು ನಿಂತಿದೆ.

ಕಾರ್ಯವಿಧಾನ

ಚಿತ್ರ ತೆಗೆಯುವುದೆಂದರೆ ಗುಂಡಿ ಒತ್ತುವುದಷ್ಟೇ ಅಲ್ಲ ಎಂಬುದಕ್ಕೆ ಎದೆಯ ಕ್ಷ-ಕಿರಣ ಚಿತ್ರ ಉತ್ತಮ ಉದಾಹರಣೆ. ನಿಲ್ಲಬಲ್ಲ ರೋಗಿಯನ್ನು ಎದೆ ಫಲಕಕ್ಕೆ ತಾಗುವಂತೆ ನಿಲ್ಲಿಸಿ, ಸಾಮಾನ್ಯವಾಗಿ ಸುಮಾರು ೧೮೦ ಸೆಂ.ಮೀ. ದೂರದಿಂದ, ಬೆನ್ನಿನ ಕಡೆಯಿಂದ ಕಿರಣ ಹಾಯಿಸುತ್ತಾರೆ. ಹೃದಯವು ಎದೆಯ ಮುಂಭಾಗದಲ್ಲಿರುವುದರಿಂದ ಈ ಭಂಗಿಯಲ್ಲಿ ಅದು ಫಲಕಕ್ಕೆ ಹತ್ತಿರವಾಗಿ, ಅದರ ನೆರಳು ಅನಗತ್ಯವಾಗಿ ದೊಡ್ಡದಾಗುವುದಿಲ್ಲ. ಭುಜಗಳನ್ನು ಮುಂದಕ್ಕೆ ಹೊರಳಿಸಿದರೆ ಹೆಗಲ ಮೂಳೆಗಳು ಶ್ವಾಸಕೋಶದ ಮೇಲಿನಿಂದ ಸರಿಯುತ್ತವೆ. 'ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ' ಎಂದು ಹೇಳುವುದು ಶ್ವಾಸಕೋಶಗಳು ಪೂರ್ಣವಾಗಿ ಹಿಗ್ಗಲೆಂದು. ಈ ಮಾತು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರದಿದ್ದರೆ ಚಿತ್ರ ಮಸುಕಾಗುತ್ತದೆ.

ಕೊರಳ ಸರ, ತಾಯತ, ಲೋಹದ ಗುಂಡಿಗಳು ಚಿತ್ರದಲ್ಲಿ ಅಡ್ಡ ಬರುತ್ತವೆ. ಹೆಗಲ ಮೇಲೆ ಬಿದ್ದ ಜಡೆಯ ನೆರಳು ಶ್ವಾಸಕೋಶದ ತುದಿಯಲ್ಲಿ ಮೂಡಿ ಕ್ಷಯದ ಗುರುತಿನಂತೆ ತೋರಬಹುದು. ಕ್ಷಯವು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅದೇ ಭಾಗದಲ್ಲಿ. ಮಾಂಗಲ್ಯ ತೆಗೆಯಲು ಹಿಂಜರಿಯುವ ಮಹಿಳೆಗೆ ಅದರ ಕಾರಣವನ್ನು ಗೌರವದಿಂದ ವಿವರಿಸಿ ಒಪ್ಪಿಸುವುದೂ ತಂತ್ರಜ್ಞರ ಕೆಲಸವೇ ಆಗಿದೆ.

ಚಿತ್ರದ ಮೇಲೆ ಎಡ ಅಥವಾ ಬಲ ಎಂಬ ಗುರುತು ಹಾಕುವುದು ಅತಿ ಸಣ್ಣ, ಆದರೆ ಅತಿ ಮುಖ್ಯವಾದ ಕೆಲಸ. ಗುರುತು ತಪ್ಪಿದರೆ ಆರೋಗ್ಯವಂತ ಕಾಲಿಗೆ ಶಸ್ತ್ರಚಿಕಿತ್ಸೆ ನಡೆಯುವ ಅಪಾಯವಿದೆ. ಮೂಳೆ ಮುರಿತದ ಶಂಕೆಯಿದ್ದಾಗ ಪರಸ್ಪರ ಲಂಬವಾದ ಎರಡು ಕೋನಗಳಿಂದ ಚಿತ್ರ ತೆಗೆಯುವುದು ನಿಯಮ. ಒಂದು ಕೋನದಲ್ಲಿ ಮರೆಯಾದ ಬಿರುಕು ಇನ್ನೊಂದರಲ್ಲಿ ಕಾಣಬಹುದು. ಸಿ.ಟಿ. ಪರೀಕ್ಷೆಯಲ್ಲಿ ಅಯೋಡಿನ್‌ಯುಕ್ತ ಔಷಧವನ್ನು ರಕ್ತನಾಳಕ್ಕೆ ಕೊಡುವ ಮೊದಲು ಅಲರ್ಜಿ ಹಾಗೂ ಮೂತ್ರಪಿಂಡದ ಸ್ಥಿತಿಯನ್ನು ವಿಚಾರಿಸಬೇಕು.

ವಿಕಿರಣ ಸುರಕ್ಷತೆ

ಭಾರತದಲ್ಲಿ ವಿಕಿರಣ ಸುರಕ್ಷತೆಯ ಮೇಲ್ವಿಚಾರಣೆಯನ್ನು ೧೯೮೩ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಡೆಸುತ್ತದೆ. ಮಂಡಳಿಯು ವಿಧಿಸಿರುವ ಮುಖ್ಯ ಮಿತಿಗಳು ಹೀಗಿವೆ:

* ವಿಕಿರಣ ಕೆಲಸಗಾರರಿಗೆ ಸತತ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್. ಯಾವುದೇ ಒಂದು ವರ್ಷದಲ್ಲಿ ೩೦ ಮಿಲಿಸೀವರ್ಟ್ ಮೀರಬಾರದು.
* ಸಾರ್ವಜನಿಕರಿಗೆ ವರ್ಷಕ್ಕೆ ೧ ಮಿಲಿಸೀವರ್ಟ್. ರೋಗಿಯು ಪರೀಕ್ಷೆಗಾಗಿ ಪಡೆಯುವ ವಿಕಿರಣ ಈ ಲೆಕ್ಕಕ್ಕೆ ಸೇರುವುದಿಲ್ಲ.
* ಕೆಲಸಗಾರ್ತಿ ತಾನು ಗರ್ಭಿಣಿಯೆಂದು ತಿಳಿಸಿದ ನಂತರ, ಉಳಿದ ಅವಧಿಯಲ್ಲಿ ಭ್ರೂಣಕ್ಕೆ ೧ ಮಿಲಿಸೀವರ್ಟ್.

ರಕ್ಷಣೆಯ ಮೂಲಸೂತ್ರಗಳು ಮೂರು: ಕಡಿಮೆ ಸಮಯ, ಹೆಚ್ಚು ದೂರ, ಸೂಕ್ತ ತಡೆ. ಕಿರಣದ ಮೂಲದಿಂದ ದೂರ ಎರಡು ಪಟ್ಟಾದರೆ ಅದರ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಒಂದು ಹೆಜ್ಜೆ ಹಿಂದೆ ಸರಿಯುವುದೂ ರಕ್ಷಣೆಯೇ. ಸೀಸದ ಏಪ್ರನ್ ಧರಿಸುವುದು, ಸೀಸದ ಗಾಜಿನ ಹಿಂದೆ ನಿಲ್ಲುವುದು ವಾಡಿಕೆಯ ಕ್ರಮಗಳು.

ಪ್ರತಿಯೊಬ್ಬ ಕೆಲಸಗಾರರೂ ಏಪ್ರನ್‌ನ ಒಳಗೆ ಎದೆಯ ಮಟ್ಟದಲ್ಲಿ ಟಿ.ಎಲ್.ಡಿ. ಬ್ಯಾಡ್ಜ್ ಧರಿಸಬೇಕು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ದೇಹಕ್ಕೆ ತಗುಲಿದ ವಿಕಿರಣವನ್ನು ಲೆಕ್ಕಹಾಕುತ್ತಾರೆ. ಬ್ಯಾಡ್ಜನ್ನು ಮೇಜಿನ ಖಾನೆಯಲ್ಲಿಟ್ಟು ಕೆಲಸ ಮಾಡುವವರ ದಾಖಲೆಯಲ್ಲಿ ಸೊನ್ನೆ ಕಾಣಿಸುತ್ತದೆ. ದೇಹಕ್ಕೆ ತಗುಲಿದ್ದು ಮಾತ್ರ ಸೊನ್ನೆಯಾಗಿರುವುದಿಲ್ಲ. ಕೆಲಸಕ್ಕೆ ಸೇರುವವರು ಬ್ಯಾಡ್ಜ್ ಮತ್ತು ಅದರ ವರದಿಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆಯುವುದು ಅಗತ್ಯ.

ರೋಗಿಯ ದೃಷ್ಟಿಯಿಂದ ನೋಡಿದರೆ, ಎದೆಯ ಒಂದು ಚಿತ್ರದಿಂದ ತಗುಲುವ ವಿಕಿರಣ ಸುಮಾರು ೦.೧ ಮಿಲಿಸೀವರ್ಟ್ ಅಥವಾ ಅದಕ್ಕಿಂತ ಕಡಿಮೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಅದು ಹಲವು ಮಿಲಿಸೀವರ್ಟ್ ಆಗಬಹುದು. ಮೊದಲ ಬಾರಿಗೇ ಚಿತ್ರ ಸರಿಯಾಗಿ ಬಂದರೆ ಮತ್ತೊಮ್ಮೆ ತೆಗೆಯುವ ಪ್ರಮೇಯವಿರುವುದಿಲ್ಲ. ತಂತ್ರಜ್ಞರ ಕೌಶಲ ರೋಗಿಗೆ ನೇರವಾಗಿ ಸಲ್ಲುವುದು ಇಲ್ಲಿಯೇ.

ಎಂ.ಆರ್.ಐ.ನಲ್ಲಿ ಕ್ಷ-ಕಿರಣ ಬಳಸುವುದಿಲ್ಲ, ಆದರೆ ಅಪಾಯ ಬೇರೊಂದಿದೆ. ೧.೫ ಟೆಸ್ಲಾ ಯಂತ್ರದ ಕಾಂತಕ್ಷೇತ್ರವು ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ೩೦,೦೦೦ ಪಟ್ಟು ಪ್ರಬಲ. ಪರೀಕ್ಷೆ ನಡೆಯದಿದ್ದಾಗಲೂ ಅದು ಹಾಗೆಯೇ ಇರುತ್ತದೆ. ೨೦೧೮ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಈ ಕೊಠಡಿ ಪ್ರವೇಶಿಸಿದ ರೋಗಿಯ ಬಂಧುವೊಬ್ಬರು ಪ್ರಾಣ ಕಳೆದುಕೊಂಡರು. ಕೊಠಡಿಯ ಬಾಗಿಲನ್ನು ಕಾಯುವುದು ಯಂತ್ರವನ್ನು ನಡೆಸುವಷ್ಟೇ ದೊಡ್ಡ ಜವಾಬ್ದಾರಿ.

ಶಿಕ್ಷಣ

ಕರ್ನಾಟಕದಲ್ಲಿ ಈ ವೃತ್ತಿಗೆ ಎರಡು ಮುಖ್ಯ ದಾರಿಗಳಿವೆ. ಮೊದಲನೆಯದು ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ. ಎರಡನೆಯದು ಬಿ.ಎಸ್‌ಸಿ. ಪದವಿ, ಇದಕ್ಕೆ ದ್ವಿತೀಯ ಪಿ.ಯು.ಸಿ.ಯಲ್ಲಿ ವಿಜ್ಞಾನ ವಿಷಯಗಳನ್ನು ಓದಿರಬೇಕು. ಪದವಿಯಲ್ಲಿ ಸಾಮಾನ್ಯವಾಗಿ ಮೂರು ವರ್ಷಗಳ ವ್ಯಾಸಂಗ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಇರುತ್ತವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು, ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಮಣಿಪಾಲದ ಆರೋಗ್ಯ ವೃತ್ತಿಗಳ ಕಾಲೇಜು ಇಂತಹ ಶಿಕ್ಷಣ ನೀಡುತ್ತವೆ. ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ನೀಡುವ ರೇಡಿಯೋಥೆರಪಿ ತಂತ್ರಜ್ಞರದು ಬೇರೆಯೇ ಶಾಖೆ.

೨೦೨೧ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಸಹವರ್ತಿ ಹಾಗೂ ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಯು ಈ ವೃತ್ತಿಯನ್ನೂ ಒಳಗೊಂಡಿದ್ದು, ಶಿಕ್ಷಣದ ಗುಣಮಟ್ಟ ಮತ್ತು ವೃತ್ತಿಪರರ ನೋಂದಣಿಗೆ ಅವಕಾಶ ಕಲ್ಪಿಸುತ್ತದೆ. ಮಾನ್ಯತೆಯಿಲ್ಲದ ಸಂಸ್ಥೆಯ ಪ್ರಮಾಣಪತ್ರದಿಂದ ಸರ್ಕಾರಿ ಹುದ್ದೆಗಾಗಲಿ ವಿದೇಶದ ನೋಂದಣಿಗಾಗಲಿ ದಾರಿ ತೆರೆಯುವುದಿಲ್ಲ. ಆದ್ದರಿಂದ ಪ್ರವೇಶ ಶುಲ್ಕ ಕಟ್ಟುವ ಮೊದಲೇ ಸಂಸ್ಥೆಗೆ ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿಯ ಮಾನ್ಯತೆಯಿದೆ, ತರಬೇತಿ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಅಲ್ಲಿ ಸಿ.ಟಿ. ಮತ್ತು ಎಂ.ಆರ್.ಐ. ಇವೆಯೇ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಉದ್ಯೋಗ ಮತ್ತು ಬೆಳವಣಿಗೆ

ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು, ರೋಗನಿರ್ಣಯ ಕೇಂದ್ರಗಳು, ರೈಲ್ವೆ ಆಸ್ಪತ್ರೆಗಳು ಈ ತಂತ್ರಜ್ಞರನ್ನು ನೇಮಿಸಿಕೊಳ್ಳುತ್ತವೆ. ಕೈಯಲ್ಲಿ ಹಿಡಿಯಬಹುದಾದ ಕ್ಷ-ಕಿರಣ ಯಂತ್ರಗಳು ಬಂದ ನಂತರ ಕ್ಷಯ ಪತ್ತೆ ಶಿಬಿರಗಳು ಹಳ್ಳಿಗಳಲ್ಲಿಯೂ ನಡೆಯುತ್ತಿವೆ. ಸಾಮಾನ್ಯ ಕ್ಷ-ಕಿರಣದಿಂದ ಆರಂಭಿಸಿದವರು ಸಿ.ಟಿ., ಎಂ.ಆರ್.ಐ., ಕ್ಯಾಥ್ ಲ್ಯಾಬ್‌ಗಳಲ್ಲಿ ಪರಿಣತಿ ಗಳಿಸಿ ಮೇಲ್ವಿಚಾರಕರಾಗಬಹುದು, ಎಂ.ಎಸ್‌ಸಿ. ಮಾಡಿ ಬೋಧಕರಾಗಬಹುದು, ಉಪಕರಣ ಕಂಪನಿಗಳಲ್ಲಿ ತರಬೇತುದಾರರಾಗಿಯೂ ದುಡಿಯಬಹುದು.

ಬ್ರಿಟನ್ನಿನಲ್ಲಿ ರೇಡಿಯೋಗ್ರಾಫರ್ ಆಗಿ ಕೆಲಸ ಮಾಡಲು ಎಚ್.ಸಿ.ಪಿ.ಸಿ. ನೋಂದಣಿ ಕಡ್ಡಾಯ. ಅಲ್ಲಿ ತಂತ್ರಜ್ಞರು ಅಲ್ಟ್ರಾಸೌಂಡ್ ಮಾಡುವುದುಂಟು. ಭಾರತದಲ್ಲಿ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ೧೯೯೪ರ ಕಾಯಿದೆಯಿಂದಾಗಿ ಗರ್ಭಿಣಿಯರ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ನೋಂದಾಯಿತ ಕೇಂದ್ರಗಳಲ್ಲಿ ಅರ್ಹ ವೈದ್ಯರೇ ಮಾಡಬೇಕು.

ಸವಾಲುಗಳು

ರಾತ್ರಿ ಪಾಳಿ, ಗುತ್ತಿಗೆ ಆಧಾರದ ನೇಮಕಾತಿ, ರೋಗಿಗಳನ್ನು ಎತ್ತಿ ಮಲಗಿಸುವುದರಿಂದ ಬರುವ ಬೆನ್ನುನೋವು ಈ ವೃತ್ತಿಯ ಕಷ್ಟಗಳು. ಪರದೆಯ ಮೇಲೆ ಗಂಭೀರ ಕಾಯಿಲೆಯ ಚಿಹ್ನೆ ಮೊದಲು ಕಾಣುವುದು ಹಲವು ಬಾರಿ ತಂತ್ರಜ್ಞರಿಗೇ. ಆದರೆ 'ಏನಾಗಿದೆ ಸಾರ್?' ಎಂದು ರೋಗಿ ಕೇಳಿದಾಗ ಅದನ್ನು ಹೇಳುವ ಅಧಿಕಾರ ಅವರಿಗಿಲ್ಲ. ಮುಖಭಾವದಲ್ಲಿ ಏನನ್ನೂ ತೋರಿಸದೆ, ವೈದ್ಯರು ವಿವರಿಸುತ್ತಾರೆ ಎಂದು ತಿಳಿಸಿ, ತುರ್ತಿದ್ದರೆ ಕೂಡಲೇ ರೇಡಿಯಾಲಜಿಸ್ಟ್ ಗಮನಕ್ಕೆ ತರುವುದು ವೃತ್ತಿಧರ್ಮ. ಅಪಘಾತದ ರಾತ್ರಿಗಳಲ್ಲಿ ವೈದ್ಯರ ಮುಂದಿನ ನಿರ್ಧಾರ ಆ ಕೆಲವು ನಿಮಿಷಗಳ ಚಿತ್ರವನ್ನೇ ಅವಲಂಬಿಸಿರುತ್ತದೆ. ವರದಿಯ ಕೊನೆಯಲ್ಲಿ ತಂತ್ರಜ್ಞರ ಸಹಿ ಇರುವುದಿಲ್ಲ. ಆದರೂ ಈ ಕೆಲಸದಲ್ಲಿ ಹಲವರು ಜೀವಮಾನವಿಡೀ ಉಳಿಯುವುದಕ್ಕೆ ಈ ಉಪಯುಕ್ತತೆಯ ಅರಿವೇ ಒಂದು ಮುಖ್ಯ ಕಾರಣ.

ಇವನ್ನೂ ನೋಡಿ

* ಕ್ಷ-ಕಿರಣ
* ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜೆನ್
* ಮೇರಿ ಕ್ಯೂರಿ
* ಕ್ಷಯ