ಮನೆಯ ಆಯವ್ಯಯವೂ ಋಣಪರಿಹಾರವೂ

ಮೈಸೂರು ಸಂಸ್ಥಾನದಲ್ಲಿ ೧೮೮೧ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ದಿವಾನರು ಆ ಸಭೆಯ ಮುಂದೆ ನಿಂತು, ಸಂಸ್ಥಾನದ ಬೊಕ್ಕಸಕ್ಕೆ ಬಂದ ಹಣವೆಷ್ಟು, ವೆಚ್ಚವಾದ ಹಣವೆಷ್ಟು ಎಂಬುದನ್ನು ನಿವೇದಿಸುವ ಪದ್ಧತಿಯು ಅಂದಿನಿಂದ ನಡೆದುಬಂದಿತು. ಸಭೆಗೆ ಆಗ ಆ ಲೆಕ್ಕವನ್ನು ತಿದ್ದುವ ಅಧಿಕಾರವಿರಲಿಲ್ಲ. ಆದರೂ ಕೇಳುವವರು ಎದುರಿಗಿದ್ದಾರೆಂಬ ಅರಿವು ಲೆಕ್ಕ ಬರೆಯುವವನ ಕೈಯನ್ನು ಎಚ್ಚರವಾಗಿಡುವುದೆಂಬುದರಲ್ಲಿ ಸಂದೇಹವಿಲ್ಲ. ಒಂದು ಸಂಸ್ಥಾನದ ಜಮಾಖರ್ಚು ಜನರ ಮುಂದೆ ಬರುತ್ತಿದ್ದ ಈ ನಾಡಿನಲ್ಲಿ, ನಾಲ್ವರ ಸಂಸಾರದ ಜಮಾಖರ್ಚು ಮನೆಯೊಡತಿಯ ಮುಂದೆ ಸಹ ಬಾರದಿರುವುದು ವಿಚಿತ್ರವಲ್ಲವೆ?

ನಾನು ಬಲ್ಲ ಒಂದು ಮನೆಯಲ್ಲಿ, ಯಜಮಾನರು ಮೂರು ಕಡೆ ಸಾಲ ಮಾಡಿದ್ದ ಸಂಗತಿಯು ಅವರ ಪತ್ನಿಗೆ ತಿಳಿದುದು, ಸಾಲ ಕೊಟ್ಟವನು ಗೌರಿಹಬ್ಬದ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತಾಗ. ಆ ಸಾಲಗಳ ಸುಳಿವಿಲ್ಲದ ಆಕೆಯು ಹಿಂದಿನ ತಿಂಗಳಷ್ಟೇ ಕಂತಿನ ಮೇಲೆ ಒಂದು ತಂಗಳುಪೆಟ್ಟಿಗೆಯನ್ನು ಕೊಂಡಿದ್ದಳು. ಆಕೆಯನ್ನು ದುಂದುಗಾರ್ತಿಯೆನ್ನುವುದು ಹೇಗೆ? ಯಜಮಾನರೂ ಕೆಟ್ಟವರಲ್ಲ, ಹೇಳಿದರೆ ಆಕೆ ನೊಂದಾಳೆಂದು ಮುಚ್ಚಿಟ್ಟವರು. ಮುಚ್ಚಿಟ್ಟ ಸಾಲಕ್ಕೆ ಒಂದು ವಿಶೇಷ ಗುಣವುಂಟು: ಅದನ್ನು ಮುಚ್ಚುವುದಕ್ಕಾಗಿಯೇ ಮತ್ತೊಂದು ಸಾಲ ಬೇಕಾಗುವುದು. ಆದುದರಿಂದ ಋಣಪರಿಹಾರದ ಮೊದಲ ಕಾರ್ಯವು ಹಣ ಕಟ್ಟುವುದಲ್ಲ. ಗಂಡಹೆಂಡಿರು ಒಂದು ಸಂಜೆ ಕುಳಿತು, ಯಾರಿಗೆ ಎಷ್ಟು ಅಸಲು, ಯಾವ ದರದ ಬಡ್ಡಿ, ಎಂದು ಕೊಡತಕ್ಕದ್ದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯುವುದು. ಮಕ್ಕಳು ಹೈಸ್ಕೂಲಿಗೆ ಹೋಗುವಷ್ಟು ದೊಡ್ಡವರಾಗಿದ್ದರೆ ಅವರೂ ಕೇಳಲಿ. ಅವರಿಗೆ ಬಡ್ಡಿಯ ಲೆಕ್ಕವು ಶಾಲೆಯ ಪುಸ್ತಕದಲ್ಲಿ ಹೇಗೂ ಇರುವುದು.

ಈ ಬಡ್ಡಿಯ ದರವೆಂಬುದು ಬಹು ಮೋಸದ ಪದಾರ್ಥ. ಪೇಟೆಯ ಲೇವಾದೇವಿಯವನು ‘ನೂರಕ್ಕೆ ಐದು’ ಎಂದರೆ ಅದು ತಿಂಗಳ ಮಾತು. ಬ್ಯಾಂಕಿನವರು ‘ನೂರಕ್ಕೆ ಹನ್ನೆರಡು’ ಎಂದರೆ ಅದು ವರ್ಷದ ಮಾತು. ಕಿವಿಗೆ ಐದು ಹನ್ನೆರಡಕ್ಕಿಂತ ಕಡಿಮೆಯೆಂದು ತೋರುವುದು. ಲೆಕ್ಕಕ್ಕೆ ಕುಳಿತರೆ ಐದೆಂಬುದು ವರ್ಷಕ್ಕೆ ಅರವತ್ತಾಗಿ ನಿಲ್ಲುವುದು. ಇನ್ನೊಂದು ಬಗೆಯ ಮರೆಮಾಚುವಿಕೆಯೂ ಉಂಟು. ಒಂದು ಲಕ್ಷ ರೂಪಾಯಿಯನ್ನು ನೂರಕ್ಕೆ ೧೨ರಂತೆ ಒಂದು ವರ್ಷಕ್ಕೆ ಕೊಟ್ಟು, ಬಡ್ಡಿ ೧೨,೦೦೦ ಸೇರಿಸಿ, ತಿಂಗಳಿಗೆ ೯,೩೩೩ ರೂಪಾಯಿನಂತೆ ಹನ್ನೆರಡು ಕಂತುಗಳಲ್ಲಿ ವಸೂಲು ಮಾಡುವರೆಂದಿಟ್ಟುಕೊಳ್ಳೋಣ. ಮೇಲೆ ನೋಡಿದರೆ ನ್ಯಾಯವಾಗಿಯೇ ಕಾಣುವುದು. ಆದರೆ ಅಸಲು ತಿಂಗಳು ತಿಂಗಳು ತೀರುತ್ತ ಬರುತ್ತಿರುವಾಗಲೂ ಬಡ್ಡಿಯನ್ನು ಪೂರ್ಣ ಒಂದು ಲಕ್ಷದ ಮೇಲೆಯೇ ಹಾಕಿದಂತಾಯಿತು. ಉಳಿದ ಅಸಲಿನ ಮೇಲೆ ಎಣಿಸಿದರೆ ನಿಜವಾದ ದರವು ವರ್ಷಕ್ಕೆ ನೂರಕ್ಕೆ ಸುಮಾರು ಇಪ್ಪತ್ತೊಂದೂವರೆ ಆಗುವುದು. ೨೦೨೪ನೆಯ ಅಕ್ಟೋಬರ್ ಒಂದನೆಯ ತಾರೀಖಿನಿಂದ ಬ್ಯಾಂಕುಗಳೂ ಹಣಕಾಸಿನ ಕಂಪನಿಗಳೂ ಹೊಸದಾಗಿ ಸಾಲ ಪಡೆಯುವ ವ್ಯಕ್ತಿಗಳಿಗೆ, ಎಲ್ಲ ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ಕಾಣಿಸುವ ಒಂದು ವಿವರಪತ್ರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಅದನ್ನು ಕನ್ನಡದಲ್ಲಿ ಕೊಡಿರೆಂದು ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ರುಜು ಹಾಕುವುದಕ್ಕೆ ಮೊದಲು ಕೇಳಬೇಕು, ಅಷ್ಟೆ.

ಇನ್ನು ತೀರಿಸುವ ಕ್ರಮ. ತಿಂಗಳಿಗೆ ೩೦,೦೦೦ ರೂಪಾಯಿ ವರಮಾನವಿರುವ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಲೇವಾದೇವಿಯವನಲ್ಲಿ ನೂರಕ್ಕೆ ಐದರ ಕೈಸಾಲ ೨೦,೦೦೦. ಕ್ರೆಡಿಟ್ ಕಾರ್ಡಿನ ಬಾಕಿ ೪೦,೦೦೦. ಒಡವೆಯನ್ನಿಟ್ಟು ಬ್ಯಾಂಕಿನಿಂದ ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ತಂದುದು ೬೦,೦೦೦. ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ಎಂದಾದರೆ ೧,೪೦೦ ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ ೧೮ರ ತೆರಿಗೆ ಸೇರಿ ೧,೬೫೨. ಕಾರ್ಡಿನವರು ‘ಕನಿಷ್ಠ ೨,೦೦೦ ಕಟ್ಟಿದರೆ ಸಾಕು’ ಎಂದು ಸೌಮ್ಯವಾಗಿ ಬರೆದಿರುವರು. ಹಾಗೆ ಕಟ್ಟಿದವನ ಅಸಲಿನಲ್ಲಿ ಕರಗಿದುದು ೩೪೮ ರೂಪಾಯಿ ಮಾತ್ರ. ಬಾಕಿಯಿರುವ ಕಾರ್ಡಿನ ಮೇಲೆ ಮತ್ತೆ ಸಾಮಾನು ಕೊಂಡರೆ ಅದಕ್ಕೆ ಬಡ್ಡಿಯಿಲ್ಲದ ಅವಧಿಯೂ ಸಿಕ್ಕದೆ, ಕೊಂಡ ದಿನದಿಂದಲೇ ಬಡ್ಡಿ ಹತ್ತುವುದು. ಆದುದರಿಂದ ಬಾಕಿ ತೀರುವವರೆಗೆ ಕಾರ್ಡು ಕಪಾಟಿನಲ್ಲಿರತಕ್ಕದ್ದು.

ಈ ಸಂಸಾರವು ಈಗ ಕೈಸಾಲದ ಬಡ್ಡಿ ೧,೦೦೦, ಕಾರ್ಡಿಗೆ ೨,೦೦೦, ಒಡವೆಸಾಲದ ಬಡ್ಡಿ ೬೦೦ ಹೀಗೆ ೩,೬೦೦ ರೂಪಾಯಿ ತೆರುತ್ತಿದೆ. ವರ್ಷಾಂತ್ಯದಲ್ಲಿ ನೋಡಿದರೆ ಸಾಲವು ಹೆಚ್ಚುಕಡಮೆ ಇದ್ದಲ್ಲಿಯೇ ಇರುವುದು. ಇದನ್ನೇ ೮,೦೦೦ಕ್ಕೆ ಏರಿಸಲು ಸಾಧ್ಯವಾಯಿತೆನ್ನಿ. ಅತ್ಯಧಿಕ ದರದ ಸಾಲವನ್ನು ಮೊದಲು ಹಿಡಿಯಬೇಕು: ಕಾರ್ಡಿಗೆ ೨,೦೦೦, ಒಡವೆಗೆ ೬೦೦ ತೆಗೆದಿರಿಸಿ, ಮಿಕ್ಕ ೫,೪೦೦ ರೂಪಾಯಿಯೂ ಲೇವಾದೇವಿಯವನಿಗೆ. ಐದನೆಯ ತಿಂಗಳಲ್ಲಿ ಅವನ ಋಣ ಹರಿಯುವುದು. ಅವನಿಗೆ ಕೊಡುತ್ತಿದ್ದುದನ್ನು ಮನೆಯ ಖರ್ಚಿಗೆ ಹಿಂದೆಗೆಯದೆ ಕಾರ್ಡಿನ ಕಡೆಗೆ ತಿರುಗಿಸಿದರೆ ಹನ್ನೊಂದನೆಯ ತಿಂಗಳಲ್ಲಿ ಅದೂ ಮುಗಿಯುವುದು. ಆಮೇಲೆ ಎಂಟು ಸಾವಿರವೂ ಒಡವೆಸಾಲಕ್ಕೆ. ನಾನು ಎಣಿಸಿ ನೋಡಿದಂತೆ ಹದಿನೆಂಟನೆಯ ಕಂತಿನ ನಂತರ ಉಳಿಯುವುದು ಹದಿನೇಳು ರೂಪಾಯಿ. ವರ್ಷ ತುಂಬಿದಾಗ ಒಡವೆಸಾಲವನ್ನು ನವೀಕರಿಸಬೇಕಾಗಿ ಬರಬಹುದು. ಆ ತಾರೀಖನ್ನು ಮರೆತರೆ ಹರಾಜಿನ ನೋಟೀಸು ಬರುವುದು. ಲೇವಾದೇವಿಯವನು ‘ಅಸಲನ್ನು ಒಟ್ಟಿಗೆ ಕೊಟ್ಟರಷ್ಟೇ ತೆಗೆದುಕೊಳ್ಳುವೆ’ ಎನ್ನುವುದೂ ಉಂಟು. ಆಗ ಇನ್ನೊಂದು ಸಣ್ಣ ಒಡವೆಯನ್ನು ಬ್ಯಾಂಕಿನಲ್ಲಿಟ್ಟು ಅವನನ್ನು ಒಮ್ಮೆಗೇ ಬಿಡಿಸಿಕೊಳ್ಳುವುದು ಲೇಸು. ಅರವತ್ತರ ಸಾಲವು ಹನ್ನೆರಡರ ಸಾಲವಾಗಿ ಮಾರ್ಪಟ್ಟಿತು. ಸಾಲದಿಂದ ಸಾಲ ತೀರಿಸಬಾರದೆಂದು ಹಿರಿಯರು ಹೇಳುವುದು ನಿಜವಾದರೂ, ಇದೊಂದು ಸಂದರ್ಭದಲ್ಲಿ ನಾನು ಅವರ ಮಾತನ್ನು ಮೀರಲು ಸಿದ್ಧನಿದ್ದೇನೆ.

ಹೆಚ್ಚಿನ ೪,೪೦೦ ರೂಪಾಯಿ ಎಲ್ಲಿಂದ ಬರಬೇಕು ಎಂದು ಕೇಳುವಿರಿ. ಇಲ್ಲಿಯೇ ಆರೋಗ್ಯದ ಮಾತು ಲೆಕ್ಕದ ಪುಸ್ತಕದೊಳಕ್ಕೆ ಬರುವುದು. ದಿನಕ್ಕೆ ಐದು ಸಿಗರೇಟು, ಒಂದಕ್ಕೆ ಹದಿನೈದು ರೂಪಾಯಿಯೆಂದರೆ ತಿಂಗಳಿಗೆ ೨,೨೫೦. ಹೊಗೆಬತ್ತಿ ಬಿಟ್ಟವನ ಎದೆಗೆ ಆಗುವ ಲಾಭವು ಬೇರೆ. ಕೈಸಾಲದ ಬಡ್ಡಿಯು ಅದರಲ್ಲಿ ಎರಡು ಸಲ ಹುಟ್ಟಿತು. ಮನೆಯೊಡತಿಗೆ ೨೦೨೩ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ೨,೦೦೦ ರೂಪಾಯಿ ಬರುತ್ತಿದ್ದರೆ ಅದನ್ನೂ ಸೇರಿಸಬಹುದು. ಆದರೆ ಅದು ಆಕೆಯ ಹಣ. ಆಕೆ ತಾನಾಗಿ ಒಪ್ಪಿದರೆ ಮಾತ್ರ ತೆಗೆಯತಕ್ಕದ್ದು, ಮತ್ತು ಅದು ಕೆಲವು ಸಲ ತಡವಾಗಿ ಬರುವುದುಂಟೆಂಬುದನ್ನು ನೆನಪಿನಲ್ಲಿಡಬೇಕು. ಉಳಿದ ನೂರೈವತ್ತು ರೂಪಾಯಿಯನ್ನು ಬೇಕರಿಯ ಪೊಟ್ಟಣಗಳೂ ಸಿಹಿನೀರಿನ ಬಾಟಲಿಗಳೂ ಸಂತೋಷದಿಂದ ಬಿಟ್ಟುಕೊಡುವುವು.

ಊಟದಲ್ಲಿ ಮಿತವ್ಯಯವೆಂದರೆ ಮಕ್ಕಳ ಹಾಲನ್ನು ಕಡಿಮೆ ಮಾಡುವುದೆಂದು ತಿಳಿಯುವವರುಂಟು. ಅದು ಶುದ್ಧ ತಪ್ಪು. ನಮ್ಮ ರಾಗಿಯಲ್ಲಿ ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚಾದ ಸುಣ್ಣದ ಅಂಶವುಂಟು. ನುಣುಪು ಮಾಡಿದ ಬಿಳಿಯ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸಿನಲ್ಲಿರುವುದು. ಮುದ್ದೆ, ಹುರುಳಿಯ ಸಾರು, ಹಿತ್ತಲಿನ ನುಗ್ಗೆಸೊಪ್ಪು ಇವು ಬಡವರ ಊಟವೆಂದು ಮೂಗು ಮುರಿದವರೇ ಇಂದು ಅವನ್ನು ಚೆಂದದ ಡಬ್ಬಿಗಳಲ್ಲಿ ಹೆಚ್ಚು ಬೆಲೆಗೆ ಕೊಳ್ಳುತ್ತಿರುವರು. ಉಪ್ಪಿನ ವಿಷಯದಲ್ಲಿ ಒಂದು ಸುಲಭ ಪರೀಕ್ಷೆಯನ್ನು ಹೇಳುವೆನು. ಪ್ರಾಯದವರು ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ವರಿಗೆ ಇಪ್ಪತ್ತು ಗ್ರಾಮು. ಅಂದರೆ ಒಂದು ಕಿಲೋ ಪೊಟ್ಟಣವು ಕಡಿಮೆಯೆಂದರೂ ಐವತ್ತು ದಿನ ಬರಬೇಕು. ಪೊಟ್ಟಣ ಒಡೆದ ದಿನವನ್ನು ಅದರ ಮೇಲೆಯೇ ಬರೆದು ನೋಡಿರಿ. ಉಪ್ಪಿನಕಾಯಿ ಹಪ್ಪಳಗಳು ಇದರ ಹೊರಗೆಂದು ವಾದಿಸಬೇಡಿರಿ, ಅವೂ ಒಳಗೇ. ಉಪ್ಪು ಹೆಚ್ಚಾದರೆ ರಕ್ತದ ಒತ್ತಡ ಏರುವುದು. ಅದು ಬಹುಕಾಲ ಯಾವ ಸೂಚನೆಯನ್ನೂ ಕೊಡದೆ ಹೃದಯವನ್ನೂ ಮೂತ್ರಪಿಂಡವನ್ನೂ ಕೆಡಿಸುವುದು. ಮೂವತ್ತು ವರ್ಷ ಮೀರಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಒತ್ತಡವನ್ನೂ ಸಕ್ಕರೆಯನ್ನೂ ಉಚಿತವಾಗಿ ನೋಡಿಸಿಕೊಳ್ಳಬಹುದು. ಒಂದು ಬೆಳಗಿನ ಆ ಸಣ್ಣ ಶ್ರಮವನ್ನು ತಪ್ಪಿಸಿಕೊಂಡವರ ಹೊಲ ಮನೆಗಳು ಆಸ್ಪತ್ರೆಯ ಖರ್ಚಿಗೆ ಅಡವಾಗಿರುವುದನ್ನು ಪ್ರತಿ ಊರಿನಲ್ಲಿಯೂ ಕಾಣಬಹುದು. ನೀರಿನ ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ಒಣಗಿಸುವುದಕ್ಕೆ ಕಾಸೂ ಬೇಡ. ಡೆಂಗೀ ಜ್ವರದ ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆಗೆ ಬರಲು ಒಂದು ವಾರಕ್ಕಿಂತ ತುಸು ಹೆಚ್ಚು ಕಾಲ ಹಿಡಿಯುವುದರಿಂದಲೇ ಈ ವಾರದ ಗಡುವು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದಿತು.

ಇಷ್ಟು ಎಚ್ಚರವಿದ್ದರೂ ಕಾಯಿಲೆ ಬರಬಹುದು. ಆದುದರಿಂದ ಸಾಲ ತೀರಿಸುವ ಭರದಲ್ಲಿ ಕೈಯನ್ನು ಪೂರ್ಣ ಬರಿದು ಮಾಡಿಕೊಳ್ಳಬಾರದು. ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಐದು ಸಾವಿರವಾದರೂ ಬೇರೆಯಾಗಿರಲಿ. ಇಲ್ಲದಿದ್ದರೆ ಮಗುವಿನ ಒಂದು ಜ್ವರವೇ ಹಳೆಯ ಲೇವಾದೇವಿಯವನ ಮನೆಯ ದಾರಿಯನ್ನು ಮತ್ತೆ ತೋರಿಸುವುದು. ಬಡತನದ ರೇಖೆಗಿಂತ ಕೆಳಗಿನ ಕಾರ್ಡುಳ್ಳವರಿಗೆ ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬವೊಂದಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯ ಅನುಕೂಲವುಂಟು. ಕಾರ್ಡನ್ನು ಮಾಡಿಸಿಕೊಳ್ಳುವುದು ಆರೋಗ್ಯವಾಗಿರುವಾಗಿನ ಕೆಲಸ.

ಬೆದರಿಕೆಯ ವಿಷಯವನ್ನು ಹೇಳದೆ ಮುಂದುವರಿಯಲಾರೆನು. ವಸೂಲಿಯ ಕಿರುಕುಳವನ್ನು ತಾಳಲಾರದೆ ಪ್ರಾಣ ಬಿಟ್ಟವರ ಸುದ್ದಿಯು ೨೦೨೫ರ ಆರಂಭದಲ್ಲಿ ನಮ್ಮ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದಿತು. ಆ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಅಧ್ಯಾದೇಶವನ್ನು ಹೊರಡಿಸಿತು. ಅತಿಬಡ್ಡಿಯನ್ನು ನಿಷೇಧಿಸುವ ಶಾಸನವಂತೂ ೨೦೦೪ರಿಂದಲೇ ಉಂಟು. ಮನೆಯ ಮುಂದೆ ಕೂಗಾಡುವುದೂ, ಹೆಂಗಸರನ್ನು ನಿಂದಿಸುವುದೂ, ಮನೆಯ ಸಾಮಾನನ್ನು ಎತ್ತಿಕೊಂಡು ಹೋಗುವುದೂ ಯಾವ ಸಾಲ ಕೊಟ್ಟವನ ಹಕ್ಕೂ ಅಲ್ಲ. ಪೊಲೀಸ್ ಠಾಣೆಗೆ ಹೋಗುವುದು ಮಾನಹಾನಿಯೆಂದು ಎಣಿಸುವವರು, ಸಾಲ ಮಾಡಿರುವುದು ಅಪರಾಧವಲ್ಲವೆಂಬುದನ್ನು ತಿಳಿಯಬೇಕು. ನೂರಿಪ್ಪತ್ತು ವರ್ಷಗಳ ಹಿಂದೆಯೇ, ೧೯೦೫ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಒಬ್ಬೊಬ್ಬನಾಗಿ ಸಾಹುಕಾರನ ಬಾಗಿಲಿಗೆ ಹೋಗಬೇಕಾಗಿದ್ದ ರೈತರಿಗೆ ತಮ್ಮದೇ ಒಂದು ಬಾಗಿಲು ಅಲ್ಲಿ ದೊರೆಯಿತು. ಇಂದು ಹಳ್ಳಿಯ ಸಹಕಾರ ಸಂಘವೂ ಹೆಂಗಸರ ಸ್ವಸಹಾಯ ಸಂಘವೂ ಆ ಜಾತಿಯ ಬಾಗಿಲುಗಳೇ. ಲೇವಾದೇವಿಯವನಿಗಿಂತ ಮೊದಲು ತಟ್ಟತಕ್ಕವು.

ಕೊನೆಯ ಕಂತು ಕಟ್ಟಿದ ದಿನ ಪಾಯಸ ಮಾಡುವುದಕ್ಕೆ ಮೊದಲು ಕಾಗದಗಳನ್ನು ಮನೆಗೆ ತರಬೇಕು. ಲೇವಾದೇವಿಯವನ ಬಳಿ ಇರುವ ಪ್ರಾಮಿಸರಿ ನೋಟು, ರುಜು ಹಾಕಿ ಕೊಟ್ಟ ಖಾಲಿ ಚೆಕ್ಕು, ಛಾಪಾಕಾಗದ ಇವನ್ನು ಎಣಿಸಿ ಪಡೆದು ಹರಿದುಹಾಕಬೇಕು. ಕಾರ್ಡು ಬೇಡವಾದರೆ ಮುಚ್ಚಿಸಿ, ಬಾಕಿಯಿಲ್ಲವೆಂಬ ಪತ್ರವನ್ನು ಬರೆಸಿಕೊಳ್ಳಬೇಕು. ಮನೆಯ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ, ಸಾಲ ತೀರಿದ ಮೂವತ್ತು ದಿನಗಳೊಳಗೆ ಅವು ಹಿಂದಕ್ಕೆ ಬರತಕ್ಕದ್ದೆಂದೂ, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ೫,೦೦೦ ರೂಪಾಯಿ ಪರಿಹಾರವುಂಟೆಂದೂ ೨೦೨೩ರ ಡಿಸೆಂಬರ್‌ನಿಂದ ನಿಯಮವಿದೆ. ಒಡವೆಯನ್ನು ಬಿಡಿಸುವಾಗ ಮನೆಯೊಡತಿಯೇ ಜೊತೆಗೆ ಹೋಗಲಿ; ಇಡುವಾಗ ಕೊಟ್ಟ ಚೀಟಿಯಲ್ಲಿರುವ ತೂಕಕ್ಕೆ ಸರಿಯಾಗಿ ತಕ್ಕಡಿಯಲ್ಲಿ ತೂಗಿಸಿ ನೋಡಿ, ಅಲ್ಲಿಯೇ ಕೊರಳಿಗೆ ಹಾಕಿಕೊಂಡು ಬರಲಿ.